ಮಂಡ್ಯ ಬಿಡದೆ ಸೀರಿಯಲ್ ಮಾಡಿದ್ದು: ನನ್ನ ಅನುಭವ

"ಬೆಂಗಳೂರಲ್ಲಿ ಮನೆ ಮಾಡದೆ ಸೀರಿಯಲ್ ನಟನೆ ನಡೆಯಲ್ಲ" ಅಂತ ನನಗೆ ಹೇಳದವರೇ ಇಲ್ಲ. ಆರು ವರ್ಷ ಆಯ್ತು. ಮಂಡ್ಯ ಬಿಟ್ಟಿಲ್ಲ, ಕೈಯಲ್ಲಿ ಎರಡು ಸೀರಿಯಲ್ ಇದ್ದೇ ಇರುತ್ತವೆ. ಹಾಗೆ ಹೇಳಿದವರಲ್ಲೇ ಕೆಲವರು ಈಗ "ಅಕ್ಕಾ, ಹೇಗೆ ಮಾಡ್ತೀರಾ?" ಅಂತ ಫೋನ್ ಮಾಡ್ತಾರೆ.

ನಾನು ಬಂದದ್ದು ಪೌರಾಣಿಕ ನಾಟಕದಿಂದ. ನಮ್ಮ ಕಡೆ ಕುರುಕ್ಷೇತ್ರ ಆಡಿದರೆ ಗಂಡು ಪಾತ್ರವೆಲ್ಲ ಊರಿನವರದೇ, ಕುಂತಿ, ದ್ರೌಪದಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸ್ತಾರಲ್ಲ, ಅವರಲ್ಲಿ ನಾನೊಬ್ಬಳು. ರಾತ್ರಿಯಿಡೀ ಕುಂತಿ ಮಾಡಿದರೆ ಮೂರೋ ಮೂರೂವರೆಯೋ ಸಾವಿರ. ಮಳೆ ಶುರುವಾದರೆ ಅದೂ ಇಲ್ಲ.

ಮೊದಲು ನಾನೂ ಎಲ್ಲರ ಮಾತು ಕೇಳಿ ಬೆಂಗಳೂರಿಗೆ ಹೋದೆ. ನಾಗರಬಾವಿಯಲ್ಲಿ ರೂಮು, ಅಡ್ವಾನ್ಸ್ 40,000, ಬಾಡಿಗೆ ಎಂಟು ಸಾವಿರದ ಹತ್ತಿರ. ಪಾತ್ರ ಕೊಡಿಸ್ತೀನಿ ಅಂದ ಒಬ್ಬ ಕೋ-ಆರ್ಡಿನೇಟರ್‌ಗೆ 15,000 ಕೊಟ್ಟೆ, ಆಮೇಲೆ ಅವನ ಫೋನೇ ಸ್ವಿಚ್ ಆಫ್. ಏಳು ತಿಂಗಳಲ್ಲಿ ಕೆಲಸ ಸಿಕ್ಕಿದ್ದು ಇಪ್ಪತ್ತು ದಿನ ಇರಬಹುದು, ದಿನಕ್ಕೆ 1,200. ಅದೂ ಟೆಲಿಕಾಸ್ಟ್ ಆಗಿ ಮೂರು ತಿಂಗಳ ಮೇಲೆ ಬಂತು. ಅಮ್ಮನ ಎರಡು ಬಳೆ ಅಡ ಇಟ್ಟು ವಾಪಸ್ ಬಂದೆ.

ಆ ಇಪ್ಪತ್ತು ದಿನದಲ್ಲಿ ಒಂದು ವಿಷಯ ಗಮನಿಸಿದ್ದೆ. ಶೂಟಿಂಗ್ ಮನೆ ದಿನದ ಬಾಡಿಗೆಗೆ ತಗೊಂಡಿರ್ತಾರೆ, ಹಾಗಾಗಿ ಮನೆಯೊಳಗಿನ ಸೀನೆಲ್ಲ ಒಟ್ಟಿಗೆ ಮುಗಿಸ್ತಾರೆ. ದೇವಸ್ಥಾನ, ಆಸ್ಪತ್ರೆ, ರಸ್ತೆ ಸೀನ್‌ಗಳು ಚೂರುಚೂರಾಗಿ ಯಾವಾಗಲೋ ಬರುತ್ತವೆ. ಅಂದರೆ ಮನೆ ಹೊಸಲು ದಾಟದ ಪಾತ್ರ ತಗೊಂಡರೆ ಡೇಟ್ಸ್, ಅಂದರೆ ಶೂಟಿಂಗ್ ದಿನಗಳು, ಗುಂಪಾಗಿ ಬರುತ್ತವೆ! ಅತ್ತೆ, ದೊಡ್ಡಮ್ಮ, ಅಡುಗೆಯವಳು, ಯಾವುದಾದರೂ ಸರಿ. ಈಗ ಒಂದು ಸೀರಿಯಲ್‌ಗೆ ತಿಂಗಳ ಮೊದಲ ವಾರ, ಇನ್ನೊಂದಕ್ಕೆ ಇಪ್ಪತ್ತರ ಮೇಲೆ. ಕಾಂಬಿನೇಷನ್, ಅಂದರೆ ಸೀನ್‌ನಲ್ಲಿ ಜೊತೆಗಿರೋ ನಟರು, ಬದಲಾದರೆ ಮ್ಯಾನೇಜರ್ ಹತ್ತಿರ ಹೇಗೆ ಮಾತಾಡಿ ಡೇಟ್ ಉಳಿಸಿಕೊಳ್ತೀನಿ ಅನ್ನೋದನ್ನ ಮಾತ್ರ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ನಟನೆ ಪಳಗಿಸೋಕೆ ಇದಕ್ಕಿಂತ ಜಾಸ್ತಿ ಕಷ್ಟ ಆಯ್ತು. ಮೊದಲ ದಿನ "ಯಾರಮ್ಮಾ ಬಂದಿದ್ದು?" ಅನ್ನೋ ಒಂದೇ ಡೈಲಾಗ್. ನಾಟಕದ ಗಂಟಲಲ್ಲೇ ಹೇಳಿದೆ ನೋಡಿ, ಸೌಂಡ್ ಹುಡುಗ ಹೆಡ್‌ಫೋನ್ ಕಿತ್ತು ಕಿವಿ ಮುಚ್ಚಿಕೊಂಡ. ಒಂಬತ್ತು ಟೇಕ್. ಕಾಫಿ ಲೋಟ ಒಂದು ಟೇಕಲ್ಲಿ ಎಡಗೈಲಿ, ಇನ್ನೊಂದರಲ್ಲಿ ಬಲಗೈಲಿ. ಊರಿಗೆ ಬಂದಮೇಲೆ ಅಡುಗೆಮನೆ ಸ್ಲ್ಯಾಬ್ ಮೇಲೆ ಫೋನ್ ಇಟ್ಟು, ಪಕ್ಕದ ಕೋಣೆಯಲ್ಲಿ ಮಲಗಿದ ಅಮ್ಮನಿಗೆ ಎಚ್ಚರ ಆಗದ ಹಾಗೆ ಜಗಳದ ಡೈಲಾಗ್ ಹೇಳೋದನ್ನ ಕಲಿತೆ. ನಾಲ್ಕು ತಿಂಗಳು ಹಿಡಿಯಿತು.

ಪ್ರಾಂಪ್ಟಿಂಗ್, ಅಂದರೆ ಶೂಟಿಂಗ್ ನಡೆಯುವಾಗಲೇ ಪಕ್ಕದಿಂದ ಡೈಲಾಗ್ ಹೇಳಿಕೊಡೋದು, ಇನ್ನೊಂದು ತಲೆನೋವು. ಇಡೀ ನಾಟಕ ಬಾಯಿಪಾಠ ಮಾಡಿ ರೂಢಿಯಾದವರಿಗೆ ಯಾರೋ ಹೇಳಿದ್ದನ್ನು ಕೇಳುತ್ತಲೇ ಮಾತಾಡೋದು ಬರಲ್ಲ. ಅದಕ್ಕೆ ರೇಡಿಯೋ ಹಿಡಿದೆ. ವಾರ್ತೆ ಓದುವವರ ಹಿಂದೆಯೇ, ನಾಲ್ಕು ಪದ ತಡವಾಗಿ, ನಿಲ್ಲಿಸದೆ ಹೇಳ್ತಾ ಹೋಗೋದು. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮ ಪಕ್ಕದ ಮೈಸೂರಲ್ಲಿ, 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಕೇಂದ್ರದಿಂದ. ನನಗಂತೂ ಅದೇ ಗುರು. ಈಗ ಎರಡು ಪುಟದ ಸೀನ್ ಒಂದೇ ಟೇಕಲ್ಲಿ ಕೊಡ್ತೀನಿ, ಯೂನಿಟ್‌ನಲ್ಲಿ ಯಾರನ್ನ ಬೇಕಾದರೂ ಕೇಳಿ.

ಓಡಾಟ ಹೀಗೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ಕೆಂಗೇರಿಯಲ್ಲಿ ಇಳಿದರೆ ಆರ್‌.ಆರ್. ನಗರ, ಉಪನಗರದ ಶೂಟಿಂಗ್ ಮನೆಗಳು ಹತ್ತಿರ. ರಾತ್ರಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸಾದಾ ಸರ್ಕಾರಿ ಬಸ್ಸಿಗೆ ದುಡ್ಡೇ ಇಲ್ಲ. ಆದರೆ ಮಂಡ್ಯ ಒಳಗೆ ಹೋಗುತ್ತಾ ಅಂತ ಕೇಳಿಯೇ ಹತ್ತಿ, ಕೆಲವು ಬೈಪಾಸಲ್ಲೇ ಹೊರಟುಹೋಗ್ತವೆ. ಒಂದು ಸಲ ಕೇಳದೆ ಹತ್ತಿ, ರಾತ್ರಿ ಹನ್ನೆರಡೂವರೆಗೆ ಹೈವೇ ಪಕ್ಕ ಒಬ್ಬಳೇ ನಿಂತಿದ್ದೆ. ತಮ್ಮ ಬೈಕ್ ತರೋವರೆಗೂ ಕೈಕಾಲು ನಡುಗುತ್ತಿತ್ತು.

ಶೂಟಿಂಗ್‌ಗೆ ಸೀರೆ ನಾವೇ ತರಬೇಕಲ್ವಾ, ಅಲ್ಲೂ ಪ್ರಯೋಗ ಮಾಡಿದೆ. ಸಣ್ಣ ಗೆರೆಯ ಸೀರೆ ಹತ್ತು ತಂದಿದ್ದೆ, ಕ್ಯಾಮೆರಾದಲ್ಲಿ ಗೆರೆಯೆಲ್ಲ ಅಲೆ ಅಲೆಯಾಗಿ ಕುಣಿಯಿತು. ಆರೇಳು ಸಾವಿರ ನೀರಲ್ಲಿ ಹೋಮ. ಆಮೇಲೆ ಒಳಗೊಂದು ಬಣ್ಣ, ಹೊರಗೊಂದು ಬಣ್ಣ ಇಟ್ಟು ಬ್ಲೌಸ್ ಹೊಲಿಸಿದೆ, ತಿರುಗಿಸಿ ಹಾಕಿದರೆ ಇನ್ನೊಂದು ಸೀರೆಗೆ ಹೊಂದುತ್ತದೆ. ಮೊದಲನೆಯದು ದಪ್ಪ ಬಟ್ಟೆ, ಲೈಟಿನ ಕೆಳಗೆ ಬೆಂದುಹೋದೆ. ತೆಳು ಹತ್ತಿ ಬಟ್ಟೆಯಲ್ಲಿ ಸರಿಹೋಯ್ತು. ಹದಿನಾಲ್ಕು ಬ್ಲೌಸಲ್ಲಿ ಮೂವತ್ತು ಸೀರೆ ನಡೀತಿದೆ.

ಈಗ ದಿನಕ್ಕೆ ಐದು ಸಾವಿರ, ತಿಂಗಳಿಗೆ ಹನ್ನೆರಡು ಹದಿಮೂರು ದಿನ. ಶೇಕಡಾ 10 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳೋ ಆದಾಯ ತೆರಿಗೆ, ಹಿಡೀತಾರೆ. ಅದು ಹೋದ ದುಡ್ಡು ಅಂತ ಬಿಟ್ಟುಬಿಡಬೇಡಿ, ರಿಟರ್ನ್ಸ್ ಹಾಕಿ. ಮೂರು ವರ್ಷ ನಾನು ಹಾಕಲೇ ಇಲ್ಲ, ಗೊತ್ತಿರಲಿಲ್ಲ. ಮೊದಲ ಸಲ ಹಾಕಿದಾಗ ಐವತ್ತು ಸಾವಿರದ ಮೇಲೆ ವಾಪಸ್ ಬಂತು. ಅವತ್ತೇ ಪೇಟೆಬೀದಿಗೆ ಹೋಗಿ ಅಮ್ಮನ ಬಳೆ ಬಿಡಿಸಿಕೊಂಡು ಬಂದೆ.