ಎಡ್ ವೈಟ್ ಹಿಡಿದ ಗಾಳಿ ಗನ್ನು, ನಮ್ಮ ಮನೆಯ ಬಲೂನು

1965ರ ಜೂನ್ 3ರಂದು ಅಮೆರಿಕದ ಗಗನಯಾತ್ರಿ ಎಡ್ ವೈಟ್ ಜೆಮಿನಿ 4 ಎಂಬ ಬಾಹ್ಯಾಕಾಶ ನೌಕೆಯಿಂದ ಹೊರಗೆ ಬಂದಾಗ ಕೈಯಲ್ಲಿ ಆಕ್ಸಿಜನ್ ಊದುವ ಒಂದು ಗನ್ನಿತ್ತು. ಗಾಳಿ ಹಿಂದಕ್ಕೆ ಹೋದರೆ ಮನುಷ್ಯ ಮುಂದಕ್ಕೆ, ಅಷ್ಟೇ. ಆದರೆ ಗನ್ನು ತಳ್ಳುವ ಗೆರೆ ಮೈಯ ತೂಕದ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದರೂ ಸಾಕು, ಮುಂದೆ ಹೋಗುವ ಬದಲು ಬುಗುರಿ ಥರ ತಿರುಗಲು ಶುರು. ನನಗೆ ಇದು ಎಷ್ಟು ಓದಿದರೂ ತಲೆಗೆ ಹೋಗಿರಲಿಲ್ಲ. ಮೊನ್ನೆ ಹಾಸನದ ಮನೆಯಲ್ಲಿ ಅಕ್ಕನ ಮಕ್ಕಳ ಜೊತೆ ಮಾಡಿ ನೋಡಿದ ಮೇಲೆ ಸರಿಯಾಗಿ ಅರ್ಥವಾಯಿತು.

ಬೇಕಾಗುವುದು ಖಾಲಿ ನೀರಿನ ಬಾಟಲಿ, ಬಲೂನು, ಕತ್ತು ಬಗ್ಗುವ ಸ್ಟ್ರಾ, ರಬ್ಬರ್ ಬ್ಯಾಂಡ್, ಟೇಪು, ಉದ್ದನೆಯ ದಾರ, ಒಂದು ರಟ್ಟು, ಕಡ್ಡಿ.

ಬಲೂನಿನ ಬಾಯಿಗೆ ಸ್ಟ್ರಾ ತೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಇಲ್ಲಿ ಗಾಳಿ ಸೋರಿದರೆ ಆಟ ನಡೆಯುವುದಿಲ್ಲ, ನಮ್ಮದು ಎರಡು ಸಲ ಹಾಗೇ ಕೆಟ್ಟಿತು. ಬಲೂನನ್ನು ಬಾಟಲಿಯ ತಳಕ್ಕೆ ಟೇಪು ಹಾಕಿ, ಸ್ಟ್ರಾ ಹಿಂದಕ್ಕೆ ನೇರ ಇರಲಿ. ಊದಿ, ಸ್ಟ್ರಾ ತುದಿ ಬೆರಳಲ್ಲಿ ಒತ್ತಿಕೊಂಡು, ಬಾಟಲಿ ಅಡ್ಡಡ್ಡ ಸಮವಾಗಿ ನಿಲ್ಲುವ ಜಾಗ ಹುಡುಕಿ ಅಲ್ಲೇ ದಾರ ಕಟ್ಟಿ. ಆ ಜಾಗವೇ ತೂಕದ ನಡು. ಸೂರಿನ ಕೊಕ್ಕೆಗೆ ತೂಗುಹಾಕಿ. ಫ್ಯಾನ್ ಆಫ್ ಇರಲಿ.

ಈಗ ಬೆರಳು ಬಿಡಿ, ಬಾಟಲಿ ನೇರ ಮುಂದಕ್ಕೆ ತೂಗುತ್ತದೆ. ಇನ್ನೊಂದು ಸಲ ಊದಿ, ಸ್ಟ್ರಾದ ಕತ್ತನ್ನು ಪಕ್ಕಕ್ಕೆ ಬಗ್ಗಿಸಿ ಬಿಡಿ. ಗಿರ್ರನೆ ತಿರುಗುತ್ತದೆ! ಗಾಳಿ ಅಷ್ಟೇ, ಬಲೂನು ಅದೇ, ದಿಕ್ಕು ಮಾತ್ರ ಬೇರೆ.

ಮೂರನೆಯ ಸಲ ಸ್ಟ್ರಾ ಮತ್ತೆ ನೇರ ಮಾಡಿ, ಅದರ ಬಾಯಿಗೆ ಎದುರಾಗಿ ಒಂದು ರಟ್ಟು ನಿಲ್ಲುವ ಹಾಗೆ ಕಡ್ಡಿಯಿಂದ ಬಾಟಲಿಗೇ ಅಂಟಿಸಿ. ಈಗ ಬಾಟಲಿ ಅಲ್ಲಾಡುವುದೇ ಕಷ್ಟ, ಯಾಕೆಂದರೆ ಬಿಟ್ಟ ಗಾಳಿ ಬಾಟಲಿಯ ರಟ್ಟಿಗೇ ಬಡಿಯುತ್ತಿದೆ ಅಲ್ವಾ? ಹೀಗೆ ಗಾಳಿ ಮೈಗೇ ಬಡಿಯದಿರಲೆಂದೇ ವೈಟ್ ಗನ್ನಿನಲ್ಲಿ ಹಿಂದಕ್ಕೆ ಊದುವ ಎರಡು ನಳಿಕೆಗಳು ಗನ್ನಿನ ಅಗಲ ತೋಳುಗಳ ತುದಿಯಲ್ಲಿದ್ದವು. ನಿಲ್ಲಿಸುವುದಕ್ಕೆ ಮುಂದಕ್ಕೆ ಊದುವ ಇನ್ನೊಂದು.

ಬಲೂನು ಬೇಗ ಖಾಲಿಯಾಗುತ್ತದೆ ಎಂದು ಮಕ್ಕಳು ಬೇಜಾರು ಮಾಡಿಕೊಂಡರೆ ವೈಟ್ ಕತೆ ಹೇಳಿ. ಅವನ ಗಾಳಿಯೂ ಕೆಲವೇ ನಿಮಿಷಕ್ಕೆ ಮುಗಿದು, ಆಮೇಲೆ ನೌಕೆಗೆ ಕಟ್ಟಿದ್ದ 25 ಅಡಿ ಹಗ್ಗವೇ ಗತಿಯಾಯಿತು. 1966ರ ಜುಲೈನಲ್ಲಿ ಜೆಮಿನಿ 10ರ ಮೈಕಲ್ ಕಾಲಿನ್ಸ್‌ಗೆ ಗನ್ನಿಗೆ ಬೇಕಾದ ನೈಟ್ರೋಜನ್ ನೌಕೆಯಿಂದಲೇ ಕೊಳವೆಯಲ್ಲಿ ಬರುತ್ತಿತ್ತು.

ನಮ್ಮ ಊರಿನ ಸಾಲಗಾಮೆ ರಸ್ತೆಯ ಇಸ್ರೋ ನಿಯಂತ್ರಣ ಕೇಂದ್ರದಿಂದ ಉಪಗ್ರಹಗಳನ್ನು ಜಾಗದಲ್ಲಿ ನಿಲ್ಲಿಸುವುದೂ ಹೀಗೇ, ಸಣ್ಣ ನಳಿಕೆಗಳನ್ನು ಸರಿಯಾದ ದಿಕ್ಕಿಗೆ ಊದಿಸಿ. ದೊಡ್ಡವಳಿಗೆ ಇದನ್ನು ಹೇಳಿದ್ದೇ ತಡ, ಬಾಟಲಿಯ ಮುಂದಿನ ತುದಿಗೂ ಒಂದು ಬಲೂನು ಕಟ್ಟಲು ಕೂತಳು, ಬ್ರೇಕಿಗೆ.