ಒಬ್ಬರಿಗೆ ಅಂತ ಹಾಡು ಜೋಡಿಸುವುದು

"ಒಳ್ಳೆ ಮಳೆ ಹಾಡುಗಳ ಲಿಸ್ಟ್ ಮಾಡಿಕೊಡಿ" ಅಂತ ಯಾರಾದರೂ ಕೇಳಿದರೆ, ಎಲ್ಲಿ ಕೂತು ಕೇಳ್ತೀರಿ ಅಂತ ನಾನು ಮೊದಲು ವಿಚಾರಿಸುತ್ತೇನೆ. ಆ್ಯಪಿನಲ್ಲಿ ಮಳೆ ಅಂತ ಹುಡುಕಿದರೆ ರಾಶಿ ಹಾಡು ಬಂದು ಬೀಳುತ್ತವೆ, ಅದಕ್ಕೆ ನಾನು ಬೇಕಿಲ್ಲ. ಬೈಕ್ ನಿಲ್ಲಿಸಿ ಅಂಗಡಿ ಸೂರಿನ ಕೆಳಗೆ ಕಾಯುವವರ ಮಳೆ ಬೇರೆ. ಅಡಕೆಗೆ ಔಷಧಿ ಹೊಡೆಯಲೂ ಬಿಡುವು ಕೊಡದ ಮಳೆ ಬೇರೆ. ಬಾಡಿಗೆ ಮನೆಯ ತಾರಸಿ ಸೋರುತ್ತಿದ್ದ ಗೆಳೆಯನಿಗೆ ಮಾಡಿದ ಪಟ್ಟಿಯಲ್ಲಿ ಮೊದಲನೆಯದೇ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’. ಶರೀಫರು ಹೇಳಿದ್ದು ಅಜ್ಞಾನದ ಬಗ್ಗೆ, ಗೊತ್ತು. ಆದರೆ ಬಕೆಟ್ ಇಟ್ಟುಕೊಂಡು ಕೂತವನು ಅದನ್ನು ಮನೆ ಓನರ್‌ಗೂ ಕಳಿಸಿದನಂತೆ.

ನನಗೆ ಈ ಚಟ ಹತ್ತಿದ್ದು ಕ್ಯಾಸೆಟ್ ಕಾಲದಲ್ಲಿ. ಖಾಲಿ ಕ್ಯಾಸೆಟ್ಟು, ಜೊತೆಗೊಂದು ಚೀಟಿ ಕೊಟ್ಟರೆ ಅಂಗಡಿಯವರು ಹಾಡು ತುಂಬಿಸಿ ಕೊಡುತ್ತಿದ್ದರು. ಸಿ-60 ಅಂದರೆ ಒಂದು ಬದಿಗೆ 30 ನಿಮಿಷ. ಲೆಕ್ಕ ಹಾಕದೆ ಚೀಟಿ ಬರೆದರೆ ಕೊನೆ ಹಾಡಿನ ಚರಣದ ಮಧ್ಯೆ ಟಕ್ ಅಂತ ಟೇಪ್ ನಿಲ್ಲುತ್ತಿತ್ತು. ಈಗ ಆ ಅಡ್ಡಿ ಇಲ್ಲ, ಹಾಗಾಗಿ ಜನ ಎಂಟು ಗಂಟೆಯ ಪ್ಲೇಲಿಸ್ಟ್ ಕಳಿಸುತ್ತಾರೆ. ಯಾರು ಕೇಳ್ತಾರೆ? ನಾನು ಇವತ್ತಿಗೂ ಎರಡು ಬದಿ, ತಲಾ ಅರ್ಧ ಗಂಟೆ ಅಂತಲೇ ಮಾಡುವುದು. ಜಾಗ ಇಷ್ಟೇ ಅಂದಾಗ ‘ಇದೂ ಇರಲಿ’ ಅನ್ನುವಂಥ ಹಾಡುಗಳು ತಾವಾಗಿ ಹೊರಗೆ ಹೋಗುತ್ತವೆ.

ಪುಣೆಯ ಗೆಳತಿಯೊಬ್ಬಳಿದ್ದಾಳೆ, ಮರಾಠಿಯವಳು. ಭೀಮಸೇನ ಜೋಶಿ ತಮ್ಮವರು ಅಂತ ಅವಳ ವಾದ. 1953ರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ಶುರುಮಾಡಿದವರು ಅವರೇ, ಒಪ್ಪಿದೆ. ಆದರೆ ಆ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು, ಜೋಶಿಯವರು ಗದಗ ಸೀಮೆಯವರು. ಜಗಳ ಯಾಕೆ ಅಂತ ಒಂದು ಪಟ್ಟಿ ಮಾಡಿದೆ. ಹಿಂದೂಸ್ತಾನಿ ಗಾಯಕರು, ಕನ್ನಡದ ಹಾಡು, ಅಷ್ಟೇ. ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಅವಳಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಅದನ್ನು ಬಾಗಿಲಲ್ಲಿಟ್ಟೆ. ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’. 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಜೋಶಿಯವರು ಹಾಡಿದ್ದನ್ನು ವಚನದ ಪಕ್ಕ ಇಡಲು ಮನಸ್ಸಾಗಲಿಲ್ಲ. ಅದು ಎರಡನೇ ಬದಿಯ ಮೊದಲಿಗೆ ಹೋಯಿತು. ಪ್ರತಿ ಹಾಡಿಗೂ ಒಂದೊಂದು ಸಾಲಿನ ಅರ್ಥ ಹಿಂದಿಯಲ್ಲಿ ಬರೆದು ಕಳಿಸಿದೆ. ವಾದ ಇನ್ನೂ ನಡೆದಿದೆ.

ಜಾಸ್ತಿ ತಲೆ ಓಡಿಸಿದ್ದು ಜೋಗುಳದ ಪಟ್ಟಿಗೆ. ಜರ್ಮನಿಯಲ್ಲಿರುವ ಗೆಳೆಯನಿಗೆ ಮಗಳು ಹುಟ್ಟಿದಾಗ ಫೋನ್ ಮಾಡಿದ. "ಜೋಗುಳ ಕಳಿಸು ಮಾರಾಯ. ಆದ್ರೆ ಆ ಕೀಬೋರ್ಡ್ ಟಿಣಿಟಿಣಿ ಬೇಡ, ದಿನಾ ಕೇಳೋನು ನಾನು."

ಬೇರೆ ಪಟ್ಟಿಗಳಲ್ಲಿ ನಾನು ಒಳ್ಳೆಯ ಹಾಡೊಂದನ್ನು ಕೊನೆಯ ಹತ್ತಿರ ಉಳಿಸಿಕೊಳ್ಳುತ್ತೇನೆ. ಜೋಗುಳದಲ್ಲಿ ಎಲ್ಲ ತಲೆಕೆಳಗು. ಪಟ್ಟಿ ಚೆನ್ನಾಗಿದ್ದರೆ ಮೂರನೇ ಹಾಡಿಗೆ ಕೇಳುವವರು ನಿದ್ದೆ ಹೋಗಿರುತ್ತಾರೆ! ಹಾಗಾಗಿ ಚೆನ್ನಾಗಿರುವುದೆಲ್ಲ ಮೊದಲೇ ಮುಗಿಯಬೇಕು. ಕೊನೆಯಲ್ಲಿ ಏನೂ ಆಗಬಾರದು.

ಪುರಂದರದಾಸರ ‘ತೂಗಿರೆ ರಂಗನ’ ಹಾಡಿಗೆ ರೆಕಾರ್ಡಿಂಗ್ ಬೇಕಾದಷ್ಟಿವೆ. ತಂಬೂರಿ, ಪಿಟೀಲು ಬಿಟ್ಟು ಬೇರೇನೂ ಕೇಳಿಸದ್ದನ್ನು ಆರಿಸಿದೆ. ನೀಲಾಂಬರಿ, ನವರೋಜು ರಾಗಗಳು ಜೋಗುಳಕ್ಕೆ ಹೇಳಿ ಮಾಡಿಸಿದವು, ಅವುಗಳಲ್ಲಿ ಒಂದೊಂದು ಸೇರಿಸಿದೆ. ಸಂಗೀತ ಕಚೇರಿಯಲ್ಲಿ ಮುದ್ರಿಸಿಕೊಂಡದ್ದಾದರೆ ಕೊನೆಯ ಚಪ್ಪಾಳೆ ಕತ್ತರಿಸಲೇಬೇಕು. ಮಗು ಎದ್ದು ಕೂರಲು ಅದೊಂದು ಸಾಕು.

ನಡುವೆ ಅವನ ಅಮ್ಮನ ದನಿ ಇರಲಿ ಅನ್ನಿಸಿತು. ಅವರ ತವರು ಧಾರವಾಡ ಕಡೆ. "ನನ್ನ ದನಿ ಈಗ ಎಲ್ಲಿ ಏಳತೈತಿ ತಮ್ಮಾ" ಅಂದರು, ಆಮೇಲೆ ‘ಆಡಿ ಬಾ ನನ ಕಂದ ಅಂಗಾಲ ತೊಳೆದೇನ’ ಅಂತ ಶುರುಮಾಡಿ ತ್ರಿಪದಿ ಮೇಲೆ ತ್ರಿಪದಿ ಹಾಡಿದರು. ಫ್ಯಾನ್ ಆಫ್ ಮಾಡಿಸಿ, ಕುಕ್ಕರ್ ಇಳಿಸಿ, ಮಡಚಿದ ಕೌದಿ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿದ್ದು. ಇಂಥದ್ದಕ್ಕೆ ವಾಟ್ಸಾಪಿನ ವಾಯ್ಸ್ ಮೆಸೇಜ್ ಬಳಸಬೇಡಿ, ಅದು ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಫೋನಿನ ರೆಕಾರ್ಡರಿನಲ್ಲಿ ಮುದ್ರಿಸಿ, ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಿಕೊಳ್ಳಿ.

ಇನ್ನು ಶ್ರುತಿ, ಅಂದರೆ ಹಾಡುವವರು ಆಧಾರಕ್ಕೆ ಹಿಡಿಯುವ ಸ್ವರ. ಎರಡು ಹಾಡು ಕೂಡುವ ಜಾಗದಲ್ಲೇ ನನ್ನ ಅರ್ಧ ಸಮಯ ಹೋಗುವುದು. ಒಂದು ಹಾಡು ಸಿ ಶ್ರುತಿಯಲ್ಲಿ ಮುಗಿದು ಮುಂದಿನದು ಅದಕ್ಕಿಂತ ಅರ್ಧ ಸ್ವರ ಮೇಲಿನ ಸಿ ಶಾರ್ಪ್‌ನಲ್ಲಿ ಎದ್ದರೆ ಹಲ್ಲಿಗೆ ಮರಳು ಸಿಕ್ಕ ಹಾಗೆ. ಜಿಯಲ್ಲಿ ಎದ್ದರೆ ಅದು ಪಂಚಮ (ಸಿ ‘ಸ’ ಆದರೆ ಜಿ ‘ಪ’), ಹಾಯಾಗಿರುತ್ತದೆ. ಗಂಡಸರು ಸಾಮಾನ್ಯವಾಗಿ ಸಿ ಆಸುಪಾಸು, ಹೆಂಗಸರು ಜಿ ಆಸುಪಾಸು ಹಾಡುವುದರಿಂದ ಗಂಡು ದನಿ, ಹೆಣ್ಣು ದನಿ ಒಂದಾದ ಮೇಲೊಂದು ಇಟ್ಟರೆ ಎಷ್ಟೋ ಸಲ ತಾನಾಗಿ ಹೊಂದುತ್ತದೆ. ಫೋನಿನಲ್ಲೇ ತಂಬೂರಿ ಆ್ಯಪ್ ಹಾಕಿಕೊಂಡು ನೋಡಿಕೊಳ್ಳುತ್ತೇನೆ. ಆದರೆ ಅಮ್ಮ ಶ್ರುತಿ ಇಟ್ಟುಕೊಂಡು ಹಾಡಿದವರಲ್ಲ. ಕೊನೆಯ ತ್ರಿಪದಿಗೆ ಬರುವಷ್ಟರಲ್ಲಿ ದನಿ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ, ಅಂದರೆ ಅರ್ಧ ಸ್ವರ, ಮೇಲೆ ಹತ್ತಿತ್ತು. ಅವರು ಎಲ್ಲಿ ಬಿಟ್ಟರೋ ಅಲ್ಲಿಂದ ಏಳುವ ಹಾಡನ್ನೇ ಮುಂದಿಟ್ಟೆ. ಅವರ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದಬಹುದಿತ್ತು. ಸುಮ್ನೆ ಯಾಕೆ?

ಸದ್ದು ಸರಿ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಇದೆ, ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಮೆಲ್ಲನೆಯ ರೆಕಾರ್ಡಿಂಗನ್ನು ಎತ್ತಿದಾಗ ಅದರೊಳಗಿನ ಗುಂಯ್ ಸದ್ದೂ ಏಳುತ್ತದೆ, ಅದಕ್ಕೆ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ಮೊದಲೇ ತೆಗೆಯುತ್ತೇನೆ. ಹಾಡಿನಿಂದ ಹಾಡಿಗೆ ನಾಲ್ಕು ಸೆಕೆಂಡು ಮೌನ. ಪಾರ್ಟಿ ಪಟ್ಟಿಯಾದರೆ ಒಂದರ ಮೇಲೊಂದು ಹತ್ತಿಸಬಹುದು, ಇಲ್ಲಿ ಬೇಡ.

ಸಾಮಾನ್ಯವಾಗಿ ನಾನು ಲಿಂಕ್ ಮಾತ್ರ ಕಳಿಸುತ್ತೇನೆ, ಹಾಡುಗಳ ಹಕ್ಕು ಬೇರೆಯವರದ್ದಲ್ವಾ. ಆದರೆ ಪುಕ್ಕಟೆ ಆ್ಯಪಿನಲ್ಲಿ ಎರಡು ಜೋಗುಳದ ನಡುವೆ ಜಾಹೀರಾತು ಕಿರುಚಿದರೆ ಗತಿ ಏನು? ಈ ಒಂದು ಮನೆಗೆ ಮಾತ್ರ, ನನ್ನ ಹತ್ತಿರವಿದ್ದ ಸಿಡಿಗಳಿಂದ ಒಂದೇ ಫೈಲ್ ಮಾಡಿದೆ. 128 ಕೆಬಿಪಿಎಸ್ ಎಂಪಿ3 ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ, ಗಂಟೆಗೆ 60 ಎಂಬಿಯೊಳಗೆ ಮುಗಿಯುತ್ತದೆ.

ಮಗು ಅಜ್ಜಿಯ ತ್ರಿಪದಿಗೇ ಮಲಗುತ್ತದಂತೆ, ಆಚೆಗಿನದು ಬೇಕಾಗುವುದೇ ಇಲ್ಲ. ಎರಡನೇ ಬದಿ ಹೇಗಿದೆ ನೋಡೋಣ ಅಂತ ಗೆಳೆಯ ಒಂದು ದಿನ ಕಾರಿನಲ್ಲಿ ಹಾಕಿದ. ಅವನಿಗೆ ತೂಕಡಿಕೆ ಬರುತ್ತಿದೆ ಅಂತ ಹೆಂಡತಿ ಹತ್ತೇ ನಿಮಿಷಕ್ಕೆ ಬಂದ್ ಮಾಡಿಸಿದಳು.