ಮೊಳೆ ಹೊಡೆಯದೆ 14 ಅಡಿಯ ಹಾಯಿದೋಣಿ: ಅಂಗಳದಲ್ಲೇ ಹೊಲಿಯುವ ಕ್ರಮ

ಈ ದೋಣಿಯ ಉದ್ದ 14 ಅಡಿ, ನಡುವಿನಲ್ಲಿ ಬಾಯಿಯ ಅಗಲ 4 ಅಡಿ, ಆಳ ಒಂದೂವರೆ ಅಡಿ. ಎರಡೂ ತುದಿ ಚೂಪು, ತಳ ಚಪ್ಪಟೆ. ಇಬ್ಬರು ಕೂತರೂ ತೇಲಲು ಅರ್ಧ ಅಡಿ ನೀರು ಸಾಕು. ಹಾಗಾಗಿ ಕಾಸರಗೋಡಿನ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಹಿನ್ನೀರಿಗೆ, ತೆಂಕಲಾಗಿ ಕವ್ವಾಯಿ ಹಿನ್ನೀರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಳಿವೆ ದಾಟಿ ಕಡಲಿಗೆ ಹೋಗಲು ಇದು ಆಗದು. ಹಲಗೆಗೆ ಹಲಗೆ ಸೇರುವುದು ತೆಂಗಿನ ನಾರಿನ ಹಗ್ಗದಿಂದ. ಮಲಯಾಳದಲ್ಲಿ ಕೆಟ್ಟುವಳ್ಳಂ ಅನ್ನುವುದು ಹೀಗೆ ಕಟ್ಟಿದ ದೋಣಿಗೇ. ಕೆಟ್ಟು ಅಂದರೆ ಕಟ್ಟು, ವಳ್ಳಂ ಅಂದರೆ ದೋಣಿ. ಪ್ರವಾಸಿಗರ ಹೌಸ್‌ಬೋಟಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ.

ಇಡೀ ಕೆಲಸದ ಲೆಕ್ಕಾಚಾರ ಒಣಗುವುದು ಮತ್ತು ಉಬ್ಬುವುದರ ಮೇಲೆ ನಿಂತಿದೆ. ಹಲಗೆ ನೀರು ಕುಡಿದು ಅಗಲವಾಗುತ್ತದೆ. ನಾರಿನ ಹಗ್ಗ ನೀರು ಕುಡಿದು ದಪ್ಪವಾಗಿ ಗಿಡ್ಡವಾಗುತ್ತದೆ. ಎರಡೂ ಒಟ್ಟಿಗೆ ಬಿಗಿಯುವುದರಿಂದಲೇ ಸಂದು ಮುಚ್ಚುತ್ತದೆ. ಕಟ್ಟುವಾಗ ಇದಕ್ಕೆ ಜಾಗ ಬಿಡದೆ ಎಲ್ಲವನ್ನೂ ಕಲ್ಲಿನಂತೆ ಬಿಗಿದರೆ, ಒಂದೋ ಹಗ್ಗ ಹರಿಯುತ್ತದೆ, ಇಲ್ಲವೇ ತೂತಿನ ಸಾಲಿನಲ್ಲಿ ಹಲಗೆ ಸೀಳುತ್ತದೆ. ಹಲಗೆ ಸೀಳಿದರೆ ಪೂರ್ತಿ ಹಲಗೆಯೇ ಹೋಯಿತು ಎಂದೇ ಲೆಕ್ಕ.

ಮರ ಮತ್ತು ಕಾಲ

ಹೆಬ್ಬಲಸಿಗಿಂತ ಒಳ್ಳೆಯ ಮರ ಬೇರೆ ಬೇಡ. ಮಿಲ್ಲಿನಲ್ಲಿ ಆಯಿನಿ ಎಂದು ಕೇಳಿದರೆ ಬೇಗ ಅರ್ಥವಾಗುತ್ತದೆ. ತೂಕ ಹಿತಮಿತ, ನೀರಿಗೆ ಬಾಳುತ್ತದೆ, ಉದ್ದುದ್ದ ಹಲಗೆ ಸಿಗುತ್ತದೆ. ಮಾವು ಅಗ್ಗ, ಆದರೆ ಬೇಗ ಕುಂಬಾಗುತ್ತದೆ. ಮೂರ್ನಾಲ್ಕು ವರ್ಷ ಬಾಳಿದರೆ ಸಾಕು ಅನ್ನುವವರಿಗೆ ಮಾತ್ರ. ಹಲಸಿನ ಬಾಗಿದ ಕೊಂಬೆಗಳನ್ನು ಪಕ್ಕೆಲುಬಿಗೆಂದು ಮೊದಲೇ ತೆಗೆದಿಡಿ.

ಒಟ್ಟು 10 ಕ್ಯೂಬಿಕ್ ಅಡಿ ಕೊಂಡರೆ ಕತ್ತರಿಸಿ ಉಳಿದದ್ದು ಹೋಗಿಯೂ ಸಾಕಾಗುತ್ತದೆ. ತಳಕ್ಕೆ ಹೆರೆದ ಮೇಲೆ 1 ಇಂಚು ದಪ್ಪ ಬರುವ, 12 ಅಡಿ ಉದ್ದ, 10 ಇಂಚು ಅಗಲದ 3 ಹಲಗೆ. ಬದಿಗೆ ಮುಕ್ಕಾಲು ಇಂಚು ದಪ್ಪದ, 16 ಅಡಿ ಉದ್ದದ 4 ಹಲಗೆ. ಇವನ್ನು ಬಾಗಿದ ಆಕಾರಕ್ಕೆ ಕತ್ತರಿಸಬೇಕಾದ್ದರಿಂದ ಅಗಲ 14 ಇಂಚಿಗೆ ಕಡಿಮೆ ಇರಬಾರದು. ಗಂಟು ಇರಲಿ, ಆದರೆ ಅಂಚಿನಿಂದ 2 ಇಂಚಿನೊಳಗೆ ಗಂಟಿರುವ ಹಲಗೆ ಬೇಡ. ಹೊಲಿಗೆಯ ತೂತು ಬರುವುದು ಅಲ್ಲೇ.

ಮಳೆ ಬಿಟ್ಟ ಮೇಲೆ, ತುಲಾ ತಿಂಗಳು ಕಳೆದು (ನವೆಂಬರ್ ನಡುವಿಗೆ) ಹಲಗೆ ಸೀಳಿಸಿ. ಅಡಕೆ ಸಲಾಕೆಯ ತುಂಡುಗಳನ್ನು ಎರಡೆರಡು ಅಡಿಗೆ ಅಡ್ಡ ಇಟ್ಟು, ಒಂದರ ಮೇಲೊಂದು ಪೇರಿಸಿ, ನೆರಳಲ್ಲಿ ಮೂರು ತಿಂಗಳು ಬಿಡಿ. ಬಿಸಿಲಿಗೆ ಹಾಕಿದರೆ ತುದಿ ಒಡೆಯುತ್ತದೆ. ಪೀಠೋಪಕರಣಕ್ಕೆ ಒಣಗಿಸಿದಷ್ಟು ಒಣಗಿಸಬಾರದು: ಅಷ್ಟು ಒಣಗಿದ ಹಲಗೆ ನೀರಿನಲ್ಲಿ ಅತಿಯಾಗಿ ಉಬ್ಬಿ ಹೊಲಿಗೆಯನ್ನೇ ಕಿತ್ತು ಹಾಕುತ್ತದೆ. ಕುಂಭದಲ್ಲಿ (ಫೆಬ್ರವರಿ ನಡುವಿಗೆ) ಕಟ್ಟಲು ಶುರು ಮಾಡಿ ಏಪ್ರಿಲಿನಲ್ಲಿ ನೀರಿಗಿಳಿಸಿದರೆ, ತುಳುನಾಡಿನ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮೇಲೆತ್ತುವ ಮೊದಲು ಒಂದು ತಿಂಗಳು ಓಡಿಸಿ ತಪ್ಪುಗಳನ್ನು ನೋಡಿಕೊಳ್ಳಬಹುದು.

ತಳ, ಅಚ್ಚು, ಬದಿ

ತಳದ ಮೂರು ಹಲಗೆಗಳನ್ನು ಮೊದಲು ಚಪ್ಪಟೆಯಾಗಿಯೇ ಹೊಲಿಯಿರಿ (ಹೊಲಿಗೆಯ ಕ್ರಮ ಮುಂದೆ ಇದೆ). ಆಮೇಲೆ ಆಕಾರ ಗುರುತಿಸಿ. ತಳದ ಉದ್ದ 11 ಅಡಿ, ನಡುವಿನಲ್ಲಿ ಅಗಲ 30 ಇಂಚು, ನಡುವಿನಿಂದ ಎರಡೂ ಕಡೆ 3 ಅಡಿ ದೂರದಲ್ಲಿ 21 ಇಂಚು, ತುದಿಯಲ್ಲಿ ಚೂಪು. ಈ ಗುರುತುಗಳಿಗೆ ಹೆರೆದ ಅಡಕೆ ಸಲಾಕೆಯೊಂದನ್ನು ಬಗ್ಗಿಸಿ ಹಿಡಿದು ಗೆರೆ ಎಳೆಯಿರಿ. ಸಲಾಕೆ ತಾನಾಗಿ ಬಾಗಿದಂತೆ ಗೆರೆ ಬರಲಿ. ಒಂದು ಗುರುತು ಕಾಲು ಇಂಚು ತಪ್ಪಿದೆ ಅನಿಸಿದರೆ ಸಲಾಕೆಯನ್ನೇ ನಂಬಿ, ಟೇಪನ್ನಲ್ಲ.

ತಳದ ಎರಡೂ ತುದಿಗೆ ಎರಡೂವರೆ ಇಂಚು ಎತ್ತರದ ಮರದ ತುಂಡು ಕೊಟ್ಟು, ನಡುವಿನಲ್ಲಿ ಕೆಂಪು ಕಲ್ಲು ಹೇರಿ ಬಾಗಿಸಿ. ಈ ಬಾಗು ಇಲ್ಲದಿದ್ದರೆ ದೋಣಿ ತಿರುಗಲು ಹಟ ಮಾಡುತ್ತದೆ. ತುದಿಯ ಕಂಬಗಳು ಹೊರಕ್ಕೆ ವಾಲಿ ನಿಲ್ಲಬೇಕು, ಮೇಲ್ತುದಿ ತಳದ ತುದಿಯಿಂದ ಒಂದೂವರೆ ಅಡಿ ಮುಂದೆ. ಪ್ರತಿ ಕಂಬವನ್ನೂ ತಳಕ್ಕೆ ಅರ್ಧಕ್ಕರ್ಧ ಕಚ್ಚು ಹಾಕಿ, 12 ಮಿಮೀ ದಪ್ಪದ ಎರಡು ಮರದ ಗೂಟ ಹೊಡೆದು, ಮೇಲೆ ಹಗ್ಗದಿಂದ ಬಿಗಿಯಿರಿ. ಹಲಗೆಯ ತುದಿ ಕೂರಲು ಕಂಬದ ಎರಡೂ ಬದಿಗೆ ಮುಕ್ಕಾಲು ಇಂಚಿನ ಗಾಡಿ (ಉದ್ದನೆಯ ಕಚ್ಚು) ತೆಗೆಯಿರಿ.

ಒಳಗೆ ಮೂರು ತಾತ್ಕಾಲಿಕ ಅಚ್ಚು ಬೇಕು. ನಡುವಿನದ್ದು ಕೆಳಗೆ 30, ಮೇಲೆ 48 ಇಂಚು ಅಗಲ, ಎತ್ತರ 18. ಉಳಿದ ಎರಡು ಕೆಳಗೆ 21, ಮೇಲೆ 39, ಎತ್ತರ 19.

ಬದಿಯ ಕೆಳ ಹಲಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ನೇರ ಹಲಗೆಯನ್ನು ಹಾಗೇ ಸುತ್ತಿದರೆ ಅದು ತುದಿಗಳಲ್ಲಿ ತಳವನ್ನು ಬಿಟ್ಟು ಮೇಲೇಳುತ್ತದೆ. ಅದಕ್ಕೆ ಮೊದಲು ರಟ್ಟಿನ ಉದ್ದನೆಯ ಪಟ್ಟಿಯನ್ನು ಅಚ್ಚುಗಳ ಮೇಲೆ ಸುತ್ತಿ, ತಳದ ಅಂಚನ್ನು ಅದರ ಮೇಲೆ ಗುರುತಿಸಿ, ಆ ಆಕಾರವನ್ನು ಹಲಗೆಗೆ ಇಳಿಸಿ. ಗೆರೆಯಿಂದ ಅರ್ಧ ಇಂಚು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಕೀಸುಳಿಯಿಂದ ತಗ್ಗಿಸಿ. ಬದಿ ಹೊರಕ್ಕೆ ವಾಲುವುದರಿಂದ ತಳದ ಅಂಚನ್ನೂ ಓರೆಯಾಗಿ ಹೆರೆಯಬೇಕು. ನಡುವಿನಲ್ಲಿ ಆ ಓರೆ ಸುಮಾರು 27 ಡಿಗ್ರಿ, ತುದಿಗಳತ್ತ ಬದಲಾಗುತ್ತ ಹೋಗುತ್ತದೆ. ಒಂದಡಿಗೊಮ್ಮೆ ಅಳೆಯಿರಿ.

ಹಲಗೆ ತುದಿಯಲ್ಲಿ ಬಾಗದಿದ್ದರೆ ಬೆಂಕಿಯ ಸಹಾಯ ಬೇಕು. ಹಿಂದಿನ ದಿನವೇ ಒದ್ದೆ ಗೋಣಿ ಸುತ್ತಿಡಿ. ತೆಂಗಿನ ಗೆರಟೆಯ ಕೆಂಡದ ಮೇಲೆ ಹಲಗೆಯ ಒಳಮೈ ಬೆಂಕಿಗೆ, ಹೊರಮೈ ಮೇಲಕ್ಕೆ ಇರಲಿ, ಮೇಲೆ ನೀರು ಚಿಮುಕಿಸುತ್ತಿರಿ. ಒಣಗುವ ಮೈ ಕುಗ್ಗುತ್ತದೆ, ಒದ್ದೆ ಮೈ ಹಿಗ್ಗುತ್ತದೆ. ಹಲಗೆ ಬೆಂಕಿಯ ಕಡೆಗೇ ಬಾಗುತ್ತದೆ. ಉಲ್ಟಾ ಹಿಡಿದರೆ ಎಷ್ಟು ಕಾಸಿದರೂ ಪ್ರಯೋಜನವಿಲ್ಲ.

ಸಂದು ಕೂಡಿದೆಯೇ ನೋಡಲು, ಒಂದು ಅಂಚಿಗೆ ಎಣ್ಣೆ ಬೆರೆಸಿದ ಹೊಗೆಮಸಿ ಹಚ್ಚಿ ಇನ್ನೊಂದನ್ನು ಒತ್ತಿ ತೆಗೆಯಿರಿ. ಮಸಿ ಹತ್ತಿದ ಕಡೆ ಉಬ್ಬಿದೆ, ಅಲ್ಲಿ ಹೆರೆಯಿರಿ. ಇಡೀ ಸಂದಿನಲ್ಲಿ ಮಸಿ ಹತ್ತುವ ತನಕ ಇದೇ ಕೆಲಸ. ಬೇಸರ ಬರುತ್ತದೆ, ಬರಲಿ. ಇಲ್ಲಿ ಉಳಿಸಿದ ಒಂದು ಗಂಟೆಗೆ ಆಮೇಲೆ ದಿನವಿಡೀ ನೀರು ಮೊಗೆಯಬೇಕಾಗುತ್ತದೆ.

ಹೊಲಿಗೆ

ಹಗ್ಗ 4 ಮಿಮೀ ದಪ್ಪದ ಎರಡೆಳೆಯ ನಾರಿನ ಹುರಿ, 250 ಮೀಟರ್. ಸಂದುಗಳ ಒಟ್ಟು ಉದ್ದ ಸುಮಾರು 84 ಅಡಿ. ಅಡಿಗೆ 7 ಅಡಿಯಂತೆ ಹಗ್ಗ ತಿನ್ನುತ್ತದೆ. ಉಳಿದದ್ದು ಪಕ್ಕೆಲುಬು ಕಟ್ಟಲು, ಹರಿದದ್ದಕ್ಕೆ. ಕೊಂಡ ಹಗ್ಗವನ್ನು ನೇರವಾಗಿ ಬಳಸಬೇಡಿ. ಒಂದು ರಾತ್ರಿ ನೆನೆಸಿ, ಎರಡು ತೆಂಗಿನ ಮರಗಳ ನಡುವೆ ಕಟ್ಟಿ, ನಡುವಿನಲ್ಲಿ ಕಲ್ಲು ತೂಗಿ ಒಂದು ದಿನ ಬಿಡಿ. ಹೀಗೆ ಎಳೆಸಿಕೊಳ್ಳದ ಹಗ್ಗ ದೋಣಿಯಲ್ಲಿ ಎಳೆಸಿಕೊಂಡು ಸಡಿಲವಾಗುತ್ತದೆ. ಹೊಲಿಯುವಾಗ ಹಗ್ಗ ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು.

ತೂತು 6 ಮಿಮೀ, ಸಂದಿನ ಎರಡೂ ಬದಿ ಎದುರುಬದುರು, ಅಡಿಗೆ 5 ಜೋಡಿ. ಲೆಕ್ಕ ಹಾಕಿದರೆ 850ರ ಹತ್ತಿರ ತೂತು; ಕೈ ಬೈರಿಗೆಯ ಮೋಹ ಬಿಟ್ಟು ಡ್ರಿಲ್ ತೆಗೆದುಕೊಳ್ಳಿ. ಅಂಚಿನಿಂದ ಒಂದು ತೂತು ಮುಕ್ಕಾಲು ಇಂಚು, ಮುಂದಿನದ್ದು ಒಂದು ಇಂಚು, ಹೀಗೆ ಹಿಂದೆ ಮುಂದೆ ಇರಲಿ. ಎಲ್ಲವೂ ಒಂದೇ ಗೆರೆಯಲ್ಲಿದ್ದರೆ ಅಂಚೆಚೀಟಿ ಹರಿದ ಹಾಗೆ ಹಲಗೆ ಎಳೆಯುದ್ದಕ್ಕೆ ಸೀಳುತ್ತದೆ. ತೂತಿನ ಬಾಯನ್ನು ಎರಡೂ ಕಡೆ ಸ್ವಲ್ಪ ಅಗಲಿಸಿ. ಚೂಪು ಅಂಚು ಹಗ್ಗವನ್ನು ಕೊಯ್ಯುತ್ತದೆ. ಹೊರಮೈಯಲ್ಲಿ ತೂತಿನಿಂದ ತೂತಿಗೆ ಹಗ್ಗ ಹುದುಗುವಷ್ಟು ಚಡಿ ಉಳಿಯಿಂದ ತೆಗೆಯಿರಿ, ಇಲ್ಲದಿದ್ದರೆ ಹೊಯಿಗೆಯ (ಮರಳಿನ) ಮೇಲೆ ಎಳೆದಾಗಲೆಲ್ಲ ಹೊಲಿಗೆ ಸವೆಯುತ್ತದೆ.

ಸಂದಿನ ನಡುವೆ ರಾಳದ ಪಾಕ ಹಚ್ಚಿದ ತೆಳು ಹತ್ತಿ ಬಟ್ಟೆಯ ಪಟ್ಟಿ. ಒಳಗಡೆ ಸಂದಿನ ಮೇಲೆ ಹೆಬ್ಬೆರಳು ದಪ್ಪದ ನಾರಿನ ದಿಂಡು, ಉದ್ದಕ್ಕೂ ಎಲ್ಲೂ ಕಡಿಯದೆ. ಹಗ್ಗ ಈ ದಿಂಡನ್ನು ಅದುಮುತ್ತ ಒಳಗೆ ಅಡ್ಡಹಾಯಬೇಕು. ಇಬ್ಬರು ಬೇಕು: ಒಬ್ಬರು ಒಳಗೆ, ಒಬ್ಬರು ಹೊರಗೆ. ಪ್ರತಿ ಎಳೆತವನ್ನೂ ಗಟ್ಟಿ ಕೋಲಿಗೆ ಸುತ್ತಿ ಮೀಟಿ, ಹಗ್ಗ ಜಾರದಂತೆ ತೂತಿಗೆ ಬಿದಿರಿನ ಮೊಳೆ ತುರುಕಿ, ಮುಂದಿನ ತೂತಿಗೆ ಹೋಗಿ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ, ಅದೇ ತೂತುಗಳಲ್ಲಿ ಹಿಂದಕ್ಕೆ ಬಂದರೆ ಗುಣಿಸು ಚಿಹ್ನೆಯ ಸಾಲು ಆಗುತ್ತದೆ. ಎಷ್ಟು ಬಿಗಿ? ದಿಂಡನ್ನು ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಕಲ್ಲಿನಂತಿದ್ದರೆ ಅತಿಯಾಯಿತು.

ಕೆಳ ಹಲಗೆ ಎಡಕ್ಕೊಂದು ಬಲಕ್ಕೊಂದು ಒಟ್ಟಿಗೇ ಏರಿಸಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ದೋಣಿ ತಿರುಚಿಕೊಳ್ಳುತ್ತದೆ, ಆಮೇಲೆ ನೆಟ್ಟಗಾಗದು.

ರಾಳದ ಪಾಕ: ಪುಡಿ ಮಾಡಿದ ರಾಳ 1 ಕೆಜಿಗೆ ಹೊನ್ನೆ ಎಣ್ಣೆ ಅಥವಾ ಎಳ್ಳೆಣ್ಣೆ ಸುಮಾರು 400 ಮಿಲಿ, ಸಣ್ಣ ಉರಿಯಲ್ಲಿ ಕರಗಿಸುವುದು. ಹನಿ ನೀರಿಗೆ ಬಿಟ್ಟು ಚಿವುಟಿ ನೋಡಿ. ಪುಡಿಯಾದರೆ ಎಣ್ಣೆ ಸಾಲದು, ಬೆರಳಿಗೆ ಮೆತ್ತಿಕೊಂಡರೆ ರಾಳ ಸಾಲದು. ಸೋಗೆ ಮಾಡಿನ ಕೆಳಗೆ ಕಾಸಬೇಡಿ. ಹತ್ತಿಕೊಂಡರೆ ನೀರು ಸುರಿಯದೆ ಹೊಯಿಗೆ ಮುಚ್ಚಿ. ಹೊಲಿದಾದ ಮೇಲೆ ಪ್ರತಿ ತೂತಿಗೂ ನಾರು ತುರುಕಿ ಇದೇ ಪಾಕ ತುಂಬಬೇಕು.

ಪಕ್ಕೆಲುಬು, ಎಣ್ಣೆ

ಅಚ್ಚು ತೆಗೆದು 7 ಪಕ್ಕೆಲುಬು ಕೂರಿಸಿ, ಒಂದೂವರೆ ಅಡಿ ಅಂತರ. ಹೊಲಿಗೆಯ ದಿಂಡು ಬರುವಲ್ಲೆಲ್ಲ ಪಕ್ಕೆಲುಬಿಗೆ ಕಚ್ಚು ತೆಗೆಯಿರಿ, ದಿಂಡನ್ನು ಅದು ಜಜ್ಜಬಾರದು. ತಳಕ್ಕೆ ಅಂಟುವಲ್ಲಿ ನೀರು ಹರಿಯುವ ಕಂಡಿ ಬಿಡಿ. ಇವನ್ನೂ ಹಗ್ಗದಿಂದಲೇ ಕಟ್ಟಬೇಕು. ಕಬ್ಬಿಣದ ಮೊಳೆ ಹೊಡೆದರೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲ ಮರವನ್ನೂ ಕೊಳೆಸುತ್ತದೆ. ಬಾಯಿಯ ಸುತ್ತ ಒಂದೂವರೆ ಇಂಚಿನ ಪಟ್ಟಿ, ಅಡ್ಡಕ್ಕೆ ಮೂರು ಕೂರುವ ಹಲಗೆ. ಬರಿದೋಣಿ ಈಗ 100-110 ಕೆಜಿ; ನಾಲ್ವರು ಎತ್ತಬಹುದು.

ಒಳಹೊರಗೆ ಗೇರು ಸಿಪ್ಪೆಯ ಎಣ್ಣೆ ಎರಡು ಕೈ, ನಡುವೆ ಎರಡು ದಿನ ಬಿಟ್ಟು. ಚರ್ಮ ಸುಟ್ಟು ಬೊಕ್ಕೆ ಬರುತ್ತದೆ. ಕೈಗವಸು ಹಾಕಿ, ಮೊಣಕೈ ತನಕ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಹೊಲಿಗೆಗೆ ಬೂತಾಯಿ ಮೀನಿನ ಎಣ್ಣೆ ಮೆತ್ತಗೆ ಚೆನ್ನಾಗಿ ಇಳಿಯುತ್ತದೆ. ವಾಸನೆಗೆ ಅಕ್ಕಪಕ್ಕದವರ ಒಪ್ಪಿಗೆ ಮೊದಲೇ ಪಡೆದಿರಿ.

ಕೂವೆ ಮತ್ತು ಹಾಯಿ

ಕೂವೆ, ಅಂದರೆ ಹಾಯಿ ಏರಿಸುವ ಕಂಬ, 10 ಅಡಿಯ ಗಾಳಿಮರ, ಬುಡ 3 ಇಂಚು, ತುದಿ 2. ಮುಂತುದಿಯಿಂದ 4 ಅಡಿ 8 ಇಂಚಿಗೆ, ತುಸು ಮುಂದಕ್ಕೆ ವಾಲಿಸಿ, ಕೂರುವ ಹಲಗೆಯ ತೂತಿನಲ್ಲಿ ಇಳಿಸಿ ತಳದಲ್ಲೊಂದು ಕುಳಿ ಕೊಡಿ. ಹಾಯಿ ಮೂರುಮೂಲೆಯದ್ದು: ಬಿದಿರಿಗೆ ಕಟ್ಟುವ ಅಂಚು 13 ಅಡಿ, ಹಿಂದಿನ ಅಂಚು 11, ಕೆಳಗಿನದ್ದು 10. ವಿಸ್ತೀರ್ಣ 53 ಚದರ ಅಡಿ. ಈ ದೋಣಿಗೆ ಮೊದಲ ವರ್ಷ ಇದಕ್ಕಿಂತ ದೊಡ್ಡದು ಬೇಡ. ಒಂದು ಗಜ ಅಗಲದ ದಪ್ಪ ಕೋರಾ ಬಟ್ಟೆ 9 ಮೀಟರ್ ಸಾಕು. ಬಟ್ಟೆಯ ಉದ್ದದ ಎಳೆ ಹಿಂದಿನ ಅಂಚಿಗೆ ಸಮಾನಾಂತರ ಇರಲಿ. ಆ ಅಂಚಿಗೆ ಬೇರೆ ಆಸರೆ ಇಲ್ಲ, ಓರೆ ಎಳೆಯಾದರೆ ಒಂದೇ ವಾರದಲ್ಲಿ ಜೋತುಬೀಳುತ್ತದೆ. 15 ಅಡಿಯ ಗಟ್ಟಿ ಬಿದಿರನ್ನು ಮುಂತುದಿಯಿಂದ 6 ಅಡಿಯಲ್ಲಿ ಹಿಡಿದು ಕೂವೆಗೆ ಏರಿಸಿ.

ಚಪ್ಪಟೆ ತಳ ಗಾಳಿಗೆ ಅಡ್ಡಡ್ಡ ಜಾರುತ್ತದೆ. ತಮಿಳುನಾಡಿನ ಪಾಕ್ ಜಲಸಂಧಿಯ ದೋಣಿಗಳಂತೆ ಗಾಳಿ ಹೋಗುವ ಬದಿಗೆ ಹಲಗೆ ಇಳಿಬಿಡುವುದು ಇದಕ್ಕೆ ಉಪಾಯ: 4 ಅಡಿ ಉದ್ದ, 1 ಅಡಿ ಅಗಲ, ಕೂವೆಯ ಹಿಂದೆ ಹಗ್ಗದಲ್ಲಿ. ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತಿದ್ದರೆ ಹಲಗೆಯನ್ನು ಹಿಂದಕ್ಕೆ ಸರಿಸಿ. ಗಾಳಿಯಿಂದ ಮುಖ ತಿರುಗಿಸುತ್ತಿದ್ದರೆ ಮುಂದಕ್ಕೆ. ಚುಕ್ಕಾಣಿಗೆ 8 ಅಡಿಯ ಹುಟ್ಟು ಸಾಕು.

ನೀರಿಗೆ

ಇಳಿಸಿದ ದಿನ ಎಲ್ಲ ಸಂದೂ ಸೋರುತ್ತದೆ. ಗಾಬರಿಯಿಂದ ಸಂದಿಗೆ ಹತ್ತಿ ಜಡಿಯಬೇಡಿ. ಮರ ಉಬ್ಬಿದಾಗ ಆ ಹತ್ತಿಯೇ ಬೆಣೆಯಾಗಿ ಹಲಗೆ ಬಿಡಿಸುತ್ತದೆ. ಕಟ್ಟಿಹಾಕಿ ಅರ್ಧ ನೀರು ತುಂಬಿಸಿ ಮೂರು ದಿನ ಬಿಡಿ. ನಾಲ್ಕನೆಯ ದಿನ ಮೊಗೆದು ನೋಡಿ. ಇನ್ನೂ ನೀರು ಚಿಮ್ಮುವ ಜಾಗ ಇದ್ದರೆ ಅಲ್ಲಿ ಮಾತ್ರ ಪಾಕ. ಮುಂದೆ ಹಿಂದೆ 20 ಲೀಟರಿನ ಮುಚ್ಚಿದ ಖಾಲಿ ಕ್ಯಾನ್ ಒಂದೊಂದು ಬಿಗಿದು ಕಟ್ಟಿ, ಲೈಫ್ ಜಾಕೆಟ್ ಹಾಕಿ, ಬೆಳಿಗ್ಗೆ ಮೂಡುಗಾಳಿ ಮೆಲ್ಲನೆ ಬೀಸುವಾಗ ಮೊದಲ ಸಲ ಹಾಯಿ ಬಿಚ್ಚಿ. ಮಧ್ಯಾಹ್ನದ ಪಡುಗಾಳಿ ಜೋರು, ಅದು ಕಲಿತವರಿಗೆ.

ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಒಳಹೊಕ್ಕು ಒಳಗೇ ಬೆಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ದೋಣಿ ಮೇಲೆಳೆದು ಕೆಲವು ದಿನ ನೆರಳಲ್ಲಿ ಒಣಗಿಸಿ, ತಳಕ್ಕೆ ಎಣ್ಣೆ ಕೊಡಿ. ಮಳೆಗಾಲದಲ್ಲಿ ಮಾಡಿನ ಕೆಳಗೆ ಮಗುಚಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರದ ಮೇಲೆ ಇಡಿ. ಮತ್ತೆ ಇಳಿಸುವ ಮೊದಲು ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ನಾರು ಪುಡಿಯಾಗಿ ಉದುರಿದರೆ ಆ ಸಂದನ್ನು ಪೂರ್ತಿ ಬಿಚ್ಚಿ, ಅದೇ ತೂತುಗಳಲ್ಲಿ ಹೊಸ ಹಗ್ಗ ಹಾಕಬೇಕು. ಹಳೆಯದರ ಮೇಲೆ ಹೊಸದು ಸುತ್ತಿದರೆ ನಿಲ್ಲದು.